ಮರದ ಗುಂಡುಗಳ ಉಪಾಧ್ಯಾಯನು: ಜಾನ್ ಡಾಲ್ಟನನ ಜೀವಿತ

ಈ ಕಾಲದ ಪ್ರೌಢಶಾಲೆಗಳ ವಿಜ್ಞಾನದ ಕೊಠಡಿಯಲ್ಲಿ ಬಣ್ಣದ ಗುಂಡುಗಳೂ ಸಣ್ಣ ಕಡ್ಡಿಗಳೂ ತುಂಬಿರುವ ಒಂದು ಪೆಟ್ಟಿಗೆಯನ್ನು ಕಾಣಬಹುದು. ಅದರಲ್ಲಿ ಕರಿಯ ಗುಂಡು ಇಂಗಾಲ, ಬಿಳಿಯದು ಜಲಜನಕ, ಕೆಂಪಾದುದು ಆಮ್ಲಜನಕ. ಒಂದು ಕೆಂಪು ಗುಂಡಿಗೆ ಎರಡು ಬಿಳಿಯ ಗುಂಡುಗಳನ್ನು ಸೇರಿಸಿದ ಕೂಡಲೆ ನೀರಿನ ಅಣುವಿನ ಆಕಾರವು ಬಾಲಕಿಯ ಅಂಗೈಯಲ್ಲಿ ಮೂಡುವುದು. ಕಣ್ಣಿಗೆ ಕಾಣದುದು ಕೈಗೆ ಸಿಕ್ಕಿದಂತಾಗಿ ಅವಳ ಮುಖವು ಅರಳುವುದು. ಈ ಸಂತೋಷವನ್ನು ಶಾಲೆಯ ಮಕ್ಕಳಿಗೆ ಮೊಟ್ಟಮೊದಲು ಉಣಬಡಿಸಿದವರಲ್ಲಿ ಒಬ್ಬನು ಒಂದು ಹಳ್ಳಿಯ ನೇಕಾರನ ಮಗನು; ಹನ್ನೆರಡನೆಯ ವಯಸ್ಸಿನಲ್ಲಿಯೇ ಉಪಾಧ್ಯಾಯನಾದವನು; ಕೆಂಪು ಹಸುರುಗಳ ಭೇದವನ್ನು ಅರಿಯದ ಕಣ್ಣುಳ್ಳವನು. ಅವನೇ ಜಾನ್ ಡಾಲ್ಟನನು. ಪರಮಾಣುವಾದವನ್ನು ಸ್ಥಾಪಿಸಿದ ಮಹಾಪಂಡಿತನೆಂದು ಲೋಕವು ಅವನನ್ನು ಬಲ್ಲದು. ಆದರೆ ಆತನು ಜೀವಮಾನವೆಲ್ಲ ಮಕ್ಕಳಿಗೆ ಪಾಠ ಹೇಳಿಯೇ ಹೊಟ್ಟೆ ಹೊರೆದುಕೊಂಡ ಉಪಾಧ್ಯಾಯನೆಂಬುದನ್ನು ಅನೇಕರು ಅರಿಯರು. ಈ ಶಾಲೆಯಲ್ಲಿ ಓದಿದ ಸಹೋದರಿಯರೂ ಮಕ್ಕಳನ್ನು ಇಲ್ಲಿಗೆ ಕಳುಹಿಸುತ್ತಿರುವ ತಂದೆತಾಯಿಗಳೂ ಆ ಉಪಾಧ್ಯಾಯನ ಕಥೆಯನ್ನು ಕೇಳುವುದು ಉಚಿತವೆಂದು ಭಾವಿಸಿ ಇದನ್ನು ಬರೆಯಲಾಗಿದೆ.

ಕ್ರಿ. ಶ. 1766ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ, ಇಂಗ್ಲೆಂಡ್ ದೇಶದ ಉತ್ತರಭಾಗದ ಕಂಬರ್ಲೆಂಡ್ ಸೀಮೆಗೆ ಸೇರಿದ ಈಗಲ್ಸ್‌ಫೀಲ್ಡ್ ಎಂಬ ಸಣ್ಣ ಹಳ್ಳಿಯಲ್ಲಿ ಡಾಲ್ಟನನು ಜನಿಸಿದನು. ತಂದೆಯಾದ ಜೋಸೆಫನು ಮಗ್ಗದಲ್ಲಿ ಬಟ್ಟೆ ನೇಯ್ದು ಸಂಸಾರವನ್ನು ನಡೆಸುತ್ತಿದ್ದನು. ತಾಯಿಯ ಹೆಸರು ಡೆಬೋರಾ. ಈ ಕುಟುಂಬದವರು ಕ್ವೇಕರರೆಂದು ಕರೆಯಲ್ಪಡುವ ಕ್ರೈಸ್ತ ಪಂಗಡಕ್ಕೆ ಸೇರಿದವರು. ಸರಳವಾದ ಉಡುಪು, ಆಡಂಬರವಿಲ್ಲದ ನಡೆ, ಮೌನವಾದ ಆರಾಧನೆ, ಮಕ್ಕಳಿಗೆ ವಿದ್ಯೆ ಕಲಿಸುವುದರಲ್ಲಿ ಶ್ರದ್ಧೆ, ಇವು ಆ ಪಂಗಡದವರ ಲಕ್ಷಣಗಳು. ಆದರೆ ಇಂಗ್ಲೆಂಡಿನ ರಾಜಸಭೆಗೆ ಸೇರದ ಇಂಥವರಿಗೆ ಆ ಕಾಲದಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳಲ್ಲಿ ಪದವಿಯನ್ನು ಪಡೆಯುವ ಹಾದಿಯು ಮುಚ್ಚಿತ್ತು. ಆದುದರಿಂದ ಬಡತನ ಒಂದು ಕಡೆ, ಮುಚ್ಚಿದ ಬಾಗಿಲು ಇನ್ನೊಂದು ಕಡೆ, ಇವೆರಡರ ನಡುವೆ ಈ ಬಾಲಕನು ತನ್ನ ವಿದ್ಯೆಯನ್ನು ತಾನೇ ಸಂಪಾದಿಸಬೇಕಾಯಿತು.

ಊರಿನ ಸಮೀಪದ ಕ್ವೇಕರ್ ಶಾಲೆಯಲ್ಲಿ ಜಾನ್ ಫ್ಲೆಚರ್ ಎಂಬ ಉಪಾಧ್ಯಾಯನಿಂದ ಅವನು ಅಕ್ಷರವನ್ನೂ ಲೆಕ್ಕವನ್ನೂ ಕಲಿತನು. ಎಲಿಹೂ ರಾಬಿನ್‌ಸನ್ ಎಂಬ ಅನುಕೂಲಸ್ಥನಾದ ನೆರೆಯವನು ಹುಡುಗನ ಬುದ್ಧಿಯನ್ನು ಕಂಡು ಸಂಜೆಯ ವೇಳೆ ಮನೆಗೆ ಕರೆದು ಗಣಿತದ ಪಾಠ ಹೇಳುತ್ತಿದ್ದನು. ಫ್ಲೆಚರನು ಶಾಲೆಯನ್ನು ಬಿಟ್ಟಾಗ, 1778ರಲ್ಲಿ, ಇನ್ನೂ ಹನ್ನೆರಡು ತುಂಬುತ್ತಿದ್ದ ಜಾನನು ತಾನೇ ಒಂದು ಶಾಲೆಯನ್ನು ತೆರೆದನು. ಮೊದಲು ಒಂದು ಕೊಟ್ಟಿಗೆಯಲ್ಲಿ, ಬಳಿಕ ಕ್ವೇಕರರ ಸಭಾಮಂದಿರದಲ್ಲಿ ಪಾಠವು ನಡೆಯಿತು. ವಿದ್ಯಾರ್ಥಿಗಳಲ್ಲಿ ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಅಕ್ಷರ ಕಲಿಸಬೇಕಾದ ಹಸುಳೆಗಳಿದ್ದರು; ಉಪಾಧ್ಯಾಯನಿಗಿಂತ ಎತ್ತರವಾಗಿ ಬೆಳೆದ ಹುಡುಗರೂ ಇದ್ದರು. ಈ ದೊಡ್ಡ ಹುಡುಗರು ಅವನ ಮಾತನ್ನು ಮೀರಿ ಜಗಳಕ್ಕೆ ಕರೆಯುತ್ತಿದ್ದರೆಂದು ಹೇಳುತ್ತಾರೆ. ಬಂದ ಆದಾಯವು ಅಲ್ಪವಾಗಿದ್ದುದರಿಂದ ಅವನು ಹೊಲದ ಕೆಲಸವನ್ನೂ ಮಾಡಬೇಕಾಯಿತು.

ಹದಿನೈದನೆಯ ವಯಸ್ಸಿನಲ್ಲಿ, ಅಂದರೆ 1781ರಲ್ಲಿ, ಅವನು ಸುಮಾರು 40 ಮೈಲಿ ದೂರದ ಕೆಂಡಲ್ ಪಟ್ಟಣಕ್ಕೆ ಹೋಗಿ ಅಲ್ಲಿಯ ಕ್ವೇಕರ್ ಶಾಲೆಯಲ್ಲಿ ಅಣ್ಣನಾದ ಜೋನಾಥನನೊಂದಿಗೆ ಸಹಾಯಕ ಉಪಾಧ್ಯಾಯನಾದನು. 1785ರಲ್ಲಿ ಆ ಶಾಲೆಯ ಆಡಳಿತವು ಅಣ್ಣತಮ್ಮಂದಿರ ಕೈಗೇ ಬಂತು. ಅಲ್ಲಿ ಬಾಲಕರೊಡನೆ ಬಾಲಕಿಯರೂ ಓದುತ್ತಿದ್ದರು. ಬಿಡುವಿನ ವೇಳೆಯಲ್ಲಿ ಡಾಲ್ಟನನು, ಸ್ತ್ರೀಯರಿಗಾಗಿ ವರ್ಷಕ್ಕೊಮ್ಮೆ ಪ್ರಕಟವಾಗುತ್ತಿದ್ದ ಲೇಡೀಸ್ ಡೈರಿ ಎಂಬ ಪಂಚಾಂಗದ ಗಣಿತ ಪ್ರಶ್ನೆಗಳನ್ನು ಬಿಡಿಸಿ ಉತ್ತರ ಕಳುಹಿಸುತ್ತಿದ್ದನು. ಹೆಂಗಸರ ಪಂಚಾಂಗದಲ್ಲಿ ಕಠಿಣವಾದ ಲೆಕ್ಕಗಳು ಅಚ್ಚಾಗುತ್ತಿದ್ದುವೆಂಬುದು ನಮ್ಮ ಸಹೋದರಿಯರು ನೆನಪಿಡತಕ್ಕ ಸಂಗತಿ.

ಕೆಂಡಲಿನಲ್ಲಿ ಅವನಿಗೆ ದೊರೆತ ದೊಡ್ಡ ಭಾಗ್ಯವೆಂದರೆ ಜಾನ್ ಗಫ್ ಎಂಬ ಪಂಡಿತನ ಸ್ನೇಹ. ಗಫನು ಎಳೆಯ ಮಗುವಾಗಿದ್ದಾಗಲೇ ಸಿಡುಬಿನಿಂದ ಎರಡು ಕಣ್ಣುಗಳನ್ನೂ ಕಳೆದುಕೊಂಡಿದ್ದನು. ಆದರೂ ಅವನು ಲ್ಯಾಟಿನ್, ಗ್ರೀಕ್, ಗಣಿತ, ಪ್ರಕೃತಿಶಾಸ್ತ್ರಗಳಲ್ಲಿ ನಿಪುಣನಾಗಿದ್ದನು. ಆ ಸುತ್ತಿನಲ್ಲಿ ಬೆಳೆಯುವ ಗಿಡಗಳನ್ನು ಬೆರಳಿನಿಂದ ಮುಟ್ಟಿ, ಮೂಸಿ, ರುಚಿ ನೋಡಿಯೇ ಇದು ಇಂಥದೆಂದು ಹೇಳಿಬಿಡುತ್ತಿದ್ದನು. ಈ ಅಂಧಗುರುವಿಗೆ ಡಾಲ್ಟನನು ಪುಸ್ತಕಗಳನ್ನು ಓದಿ ಹೇಳುತ್ತ, ಪ್ರತಿಯಾಗಿ ಅವನಿಂದ ಶಾಸ್ತ್ರಗಳನ್ನು ಕಲಿತನು. ಹವೆಯ ದಿನಚರಿಯನ್ನು ಬರೆದಿಡುವ ಅಭ್ಯಾಸವನ್ನು ಅವನಿಗೆ ಹಿಡಿಸಿದವನೂ ಗಫನೇ. 1787ನೆಯ ಇಸವಿಯ ಮಾರ್ಚ್ 24ರಂದು ಡಾಲ್ಟನನು ಮಳೆ, ಗಾಳಿ, ಉಷ್ಣ, ವಾಯುಭಾರಗಳ ಲೆಕ್ಕವನ್ನು ಬರೆಯಲಾರಂಭಿಸಿದನು. ಅದಕ್ಕೆ ಬೇಕಾದ ಉಪಕರಣಗಳಲ್ಲಿ ಕೆಲವನ್ನು ತನ್ನ ಕೈಯಿಂದಲೇ ಮಾಡಿಕೊಂಡನು. ಕಣ್ಣು ಕಾಣದ ಕಡೆ ಬೆರಳು ಕಾಣಬಲ್ಲುದೆಂಬ ಪಾಠವನ್ನು ಆ ಮನೆಯಲ್ಲಿ ಅವನು ದಿನದಿನವೂ ಪ್ರತ್ಯಕ್ಷವಾಗಿ ನೋಡಿದ್ದನೆಂಬುದನ್ನು ಮುಂದಿನ ಕಥೆಗಾಗಿ ಮನಸ್ಸಿನಲ್ಲಿಡೋಣ.

1793ರಲ್ಲಿ ಗಫನ ಶಿಫಾರಸಿನಿಂದ ಅವನಿಗೆ ಮ್ಯಾಂಚೆಸ್ಟರ್ ನಗರದ ನ್ಯೂ ಕಾಲೇಜಿನಲ್ಲಿ ಗಣಿತ ಮತ್ತು ಪ್ರಕೃತಿಶಾಸ್ತ್ರದ ಬೋಧಕನ ಕೆಲಸವು ಸಿಕ್ಕಿತು. ಅಲ್ಲಿಗೆ ಹೋಗುವುದಕ್ಕೆ ಹಿಂದಿನ ವರ್ಷ ಒಂದು ವಿಚಿತ್ರವಾದ ಸಂಗತಿಯು ನಡೆದಿತ್ತು. ಹಗಲಿನಲ್ಲಿ ತನಗೆ ಆಕಾಶದಂತೆ ನೀಲಿಯಾಗಿ ಕಾಣುತ್ತಿದ್ದ ಜೆರೇನಿಯಂ ಹೂವು ಮೇಣದ ಬತ್ತಿಯ ಬೆಳಕಿನಲ್ಲಿ ಕೆಂಪಾಗಿ ತೋರಿತು. ಸುತ್ತಲಿನವರನ್ನು ಕೇಳಲು, ಅಂಥ ಬದಲಾವಣೆಯು ಅಣ್ಣನಾದ ಜೋನಾಥನನೊಬ್ಬನಿಗೆ ಹೊರತು ಮತ್ತಾರಿಗೂ ಕಾಣಲಿಲ್ಲ. ಇತರರಿಗೆ ಆ ಹೂವು ನಸುಗೆಂಪಿನದು. ತನ್ನ ಕಣ್ಣು ಲೋಕದ ಕಣ್ಣಿನಂತಲ್ಲವೆಂದು ಡಾಲ್ಟನನು ಆಗ ಅರಿತನು. ಇದಕ್ಕಾಗಿ ನಾಚಿಕೊಳ್ಳದೆ, ಮರೆಮಾಚದೆ, ಅದನ್ನೇ ಶೋಧಿಸಿ 1794ರ ಅಕ್ಟೋಬರ್ 31ರಂದು ಮ್ಯಾಂಚೆಸ್ಟರಿನ ಸಾಹಿತ್ಯ ಮತ್ತು ತತ್ವಶಾಸ್ತ್ರ ಸಂಘದ ಮುಂದೆ ಪ್ರಬಂಧವಾಗಿ ಓದಿದನು. ಬಣ್ಣಗುರುಡಿಗೆ ಇಂದಿಗೂ ಅನೇಕ ಭಾಷೆಗಳಲ್ಲಿ ಡಾಲ್ಟನಿಸಂ ಎಂಬ ಹೆಸರು ನಿಂತಿದೆ.

1800ರಲ್ಲಿ ಅವನು ಕಾಲೇಜಿನ ಕೆಲಸವನ್ನು ಬಿಟ್ಟು ಖಾಸಗಿ ಉಪಾಧ್ಯಾಯನಾದನು. ಮನೆಪಾಠದಿಂದ ಬರುವ ಕೆಲವು ಶಿಲಿಂಗುಗಳೇ ಅವನಿಗೆ ಆಧಾರ. ಮೇಲೆ ಹೇಳಿದ ಸಂಘದವರು ಜಾರ್ಜ್ ಬೀದಿಯ ತಮ್ಮ ಕಟ್ಟಡದಲ್ಲಿ ಅವನಿಗೆ ಕೊಠಡಿಗಳನ್ನು ಬಿಟ್ಟುಕೊಟ್ಟರು. ಅದೇ ಅವನ ಪಾಠಶಾಲೆ, ಅದೇ ಪ್ರಯೋಗಶಾಲೆ. ಅಗ್ಗದ ಮಸಿಕುಡಿಕೆಗಳೇ ಅಲ್ಲಿ ವಾಯುಗಳನ್ನು ಹಿಡಿದಿಡುವ ಪಾತ್ರೆಗಳಾಗಿದ್ದುವು. ಬೆಳಗಿನಿಂದ ಸಾಯಂಕಾಲದವರೆಗೆ ಮಕ್ಕಳು ಬಂದು ಲೆಕ್ಕ ಮಾಡುವರು. ನಡುನಡುವೆ ಗುರುವು ತನ್ನ ಪ್ರಯೋಗವನ್ನು ನೋಡಿಕೊಳ್ಳುವನು. ಈ ಬಡ ಕೊಠಡಿಯಲ್ಲಿಯೇ ನವೀನ ರಸಾಯನಶಾಸ್ತ್ರವು ಬೇರೂರಿತು.

ಆಗಿನ ಪಂಡಿತರಿಗೆ ಪರಮಾಣು ಎಂಬ ಶಬ್ದವು ಹೊಸದಲ್ಲ. ಗ್ರೀಕರ ಕಾಲದಿಂದಲೂ ಆ ಮಾತು ಇತ್ತು. ಆದರೆ ಅದು ಊಹೆಯಾಗಿ ಉಳಿದಿತ್ತೇ ಹೊರತು ತಕ್ಕಡಿಗೆ ಸಿಕ್ಕಿರಲಿಲ್ಲ. ಡಾಲ್ಟನನು ಮಾಡಿದ ಕೆಲಸವೇನೆಂದರೆ ಪರಮಾಣುಗಳಿಗೆ ಭಾರವನ್ನು ಗೊತ್ತುಮಾಡಲು ಹೊರಟುದು. ಒಂದೊಂದು ಮೂಲವಸ್ತುವಿಗೂ ಅದರದೇ ಆದ ಪರಮಾಣುಗಳುಂಟು. ಒಂದು ಮೂಲವಸ್ತುವಿನ ಪರಮಾಣುಗಳೆಲ್ಲವೂ ಸಮನಾದ ಭಾರವುಳ್ಳವು. ಸಂಯೋಗವಾಗುವಾಗ ಅವು ಇಡಿಯಿಡಿಯಾಗಿ ಸೇರುವುವಲ್ಲದೆ ಅರ್ಧವಾಗಿ, ಕಾಲಾಗಿ ಸೇರಲಾರವು ಎಂದು ಅವನು ಎಣಿಸಿದನು. ಈ ಎಣಿಕೆಗೆ ಸಾಕ್ಷಿಯು ವಾಯುಗಳಲ್ಲಿ ದೊರೆಯಿತು. ಇಂಗಾಲವು ಆಮ್ಲಜನಕದೊಡನೆ ಕೂಡಿ ಎರಡು ಬಗೆಯ ವಾಯುಗಳಾಗುವುದು. 12 ಪಾಲು ಇಂಗಾಲಕ್ಕೆ ಒಂದರಲ್ಲಿ 16 ಪಾಲು ಆಮ್ಲಜನಕ, ಮತ್ತೊಂದರಲ್ಲಿ ಸರಿಯಾಗಿ ಅದರ ಎರಡರಷ್ಟು, ಅಂದರೆ 32 ಪಾಲು. ನಡುವಣ ಅಳತೆಯು ಯಾವುದೂ ಇಲ್ಲ. ಅಂತೆಯೇ 1804ರ ಬೇಸಗೆಯಲ್ಲಿ ಕೊಳಗಳ ಕೆಸರನ್ನು ಕಲಕಿ, ಮೇಲಕ್ಕೆ ಬರುವ ಗುಳ್ಳೆಗಳನ್ನು ಪಾತ್ರೆಯಲ್ಲಿ ಹಿಡಿದು ಪರೀಕ್ಷಿಸಿದಾಗ, ಒಂದೇ ಮೊತ್ತದ ಇಂಗಾಲಕ್ಕೆ ಈ ಜೌಗುವಾಯುವಿನಲ್ಲಿರುವ ಜಲಜನಕವು ಎಥಿಲೀನ್ ವಾಯುವಿನಲ್ಲಿರುವುದರ ಎರಡರಷ್ಟೆಂದು ಕಂಡಿತು. ಅವನು ಹೀಗೆ ಕೆಸರು ಕಲಕುತ್ತಿರುವುದನ್ನು ಮಕ್ಕಳು ನೋಡುತ್ತಿರುವ ಚಿತ್ರವನ್ನು ಫೋರ್ಡ್ ಮ್ಯಾಡಾಕ್ಸ್ ಬ್ರೌನ್ ಎಂಬ ಚಿತ್ರಕಾರನು ಮುಂದೆ ಮ್ಯಾಂಚೆಸ್ಟರಿನ ಪುರಭವನದ ಗೋಡೆಗಾಗಿ ಬರೆದನು.

ಪರಮಾಣು ಭಾರಗಳ ಮೊದಲನೆಯ ಪಟ್ಟಿಯು 1803ರ ಅಕ್ಟೋಬರ್ 21ರಂದು ಓದಿದ ಪ್ರಬಂಧದೊಡನೆ ಸೇರಿ 1805ರಲ್ಲಿ ಅಚ್ಚಾಯಿತು. ರಸಾಯನಶಾಸ್ತ್ರದ ನೂತನ ಪದ್ಧತಿ ಎಂಬ ಅವನ ಗ್ರಂಥದ ಮೊದಲನೆಯ ಭಾಗವು 1808ರಲ್ಲಿ ಹೊರಬಂತು. ಅದರಲ್ಲಿ ಅವನು ಪರಮಾಣುಗಳನ್ನು ಸಣ್ಣ ವೃತ್ತಗಳಾಗಿ ಬರೆದು ತೋರಿಸಿದನು. ಬರಿಯ ವೃತ್ತವು ಆಮ್ಲಜನಕ. ನಡುವೆ ಚುಕ್ಕೆಯಿದ್ದರೆ ಜಲಜನಕ. ಕರಿಯದಾಗಿ ತುಂಬಿದ್ದರೆ ಇಂಗಾಲ. ನೆಟ್ಟಗೆ ಗೆರೆಯಿದ್ದರೆ ಸಾರಜನಕ. ವೃತ್ತಗಳನ್ನು ಪಕ್ಕಪಕ್ಕಕ್ಕೆ ಇಟ್ಟು ಸಂಯುಕ್ತವಸ್ತುಗಳನ್ನು ಬರೆದನು. ಓದುಬಾರದ ಮಗುವಾದರೂ ಎಣಿಸಬಹುದಾದ ಬರಹವದು.

ಕಾಗದದ ಮೇಲಿನ ವೃತ್ತವು ಆತನಿಗೆ ಸಾಲದಾಯಿತು. 1810ರ ಸುಮಾರಿನಲ್ಲಿ ಅವನು ಪೀಟರ್ ಯೂವರ್ಟ್ ಎಂಬ ಇಂಜಿನಿಯರ್ ಮಿತ್ರನಿಗೆ ಹೇಳಿ, ಒಂದಂಗುಲದಷ್ಟು ದಪ್ಪವಾದ ಸಮಗಾತ್ರದ ಮರದ ಗುಂಡುಗಳನ್ನು ಮಾಡಿಸಿಕೊಂಡನು. ಅವುಗಳಲ್ಲಿ ಒಂದು ಗುಂಡಿಗೆ ಸಮವಾದ ಅಂತರದಲ್ಲಿ 12 ತೂತುಗಳು. ಉಳಿದ ಗುಂಡುಗಳಿಗೆ ಸಣ್ಣ ಮೊಳೆಗಳು. ಮೊಳೆಯನ್ನು ತೂತಿಗೆ ಚುಚ್ಚಿದರೆ ನಡುವಿನ ಒಂದು ಗುಂಡಿನ ಸುತ್ತಲೂ 12 ಗುಂಡುಗಳು ಒತ್ತೊತ್ತಾಗಿ ನಿಲ್ಲುವುವು. ಈ 12 ಎಂಬ ಸಂಖ್ಯೆಯು ಮನಸ್ಸಿಗೆ ಬಂದಂತೆ ಆರಿಸಿದ್ದಲ್ಲ. ನಮ್ಮ ಮಕ್ಕಳು ಆಡುವ ಗೋಲಿಗಳಿಂದಲೇ ಇದನ್ನು ಪರೀಕ್ಷಿಸಬಹುದು. ನೆಲದ ಮೇಲೆ ಒಂದು ಗೋಲಿಯ ಸುತ್ತ ಅದೇ ಗಾತ್ರದ ಆರು ಗೋಲಿಗಳು ಸರಿಯಾಗಿ ಹಿಡಿಯುವುವು. ಅದರ ಮೇಲ್ಗಡೆ ಮೂರು, ಕೆಳಗಡೆ ಮೂರು ಇಡಬಹುದು. ಒಟ್ಟು ಹನ್ನೆರಡು, ಹದಿಮೂರನೆಯದಕ್ಕೆ ಎಡೆಯಿಲ್ಲ. ಒಂದು ಪರಮಾಣುವಿನ ಸುತ್ತ ಬೇರೆ ಎಷ್ಟು ಪರಮಾಣುಗಳು ನಿಲ್ಲಬಹುದೆಂಬ ಪ್ರಶ್ನೆಯನ್ನು ಡಾಲ್ಟನನು ಹೀಗೆ ಬೆರಳಿನಿಂದ ವಿಚಾರಿಸಿದನು. ಸುಮಾರು ಮೂವತ್ತು ವರ್ಷಗಳ ತರುವಾಯ ಮುಪ್ಪಿನಲ್ಲಿ ಬರೆದ ಲೇಖನದಲ್ಲಿ ಅವನು ಈ ಗುಂಡುಗಳನ್ನು ನೆನೆದು, ಅಂದಿನಿಂದ ಅವು ಉಪಯೋಗದಲ್ಲಿಯೇ ಇದ್ದುವೆಂದೂ ತಾನು ಆಗಾಗ ಅವನ್ನು ಶಿಷ್ಯರಿಗೆ ತೋರಿಸುತ್ತಿದ್ದೆನೆಂದೂ ತಿಳಿಸಿದ್ದಾನೆ. ಕುರುಡನಾದ ಗಫನ ಬೆರಳುಗಳನ್ನು ಕಂಡಿದ್ದ, ಬಣ್ಣ ಕಾಣದ ಈ ಗುರುವು, ಯಾರ ಕಣ್ಣಿಗೂ ಕಾಣದ ವಸ್ತುವನ್ನು ಮಕ್ಕಳ ಕೈಯಳತೆಗೆ ತಂದಿಟ್ಟನು.

ಆದರೆ ಈ ಚರಿತ್ರೆಯಲ್ಲಿ ಮೆಚ್ಚತಕ್ಕ ಸಂಗತಿಗಳನ್ನು ಮಾತ್ರ ಹೇಳಿ ಮುಗಿಸಿದರೆ ನ್ಯಾಯವಾಗದು. ಎರಡು ಮೂಲವಸ್ತುಗಳಿಂದ ಒಂದೇ ಒಂದು ಸಂಯುಕ್ತವಸ್ತುವು ತಿಳಿದಿದ್ದರೆ ಅದರಲ್ಲಿ ಒಂದಕ್ಕೆ ಒಂದರಂತೆ ಪರಮಾಣುಗಳು ಸೇರಿರಬೇಕೆಂದು ಡಾಲ್ಟನನು ನಿಯಮ ಮಾಡಿಕೊಂಡಿದ್ದನು. ಅದರಿಂದ ನೀರಿನಲ್ಲಿ ಆಮ್ಲಜನಕಕ್ಕೆ ಒಂದೇ ಜಲಜನಕವೆಂದು ಅವನು ಬರೆದನು. ಆಮ್ಲಜನಕದ ಭಾರವು ಜಲಜನಕದ 7ರಷ್ಟೆಂದು 1808ರ ಪುಸ್ತಕದಲ್ಲಿ ಗೊತ್ತುಮಾಡಿದನು. ನಿಜವಾಗಿ ಅದು ಸುಮಾರು 16ರಷ್ಟು. ಫ್ರಾನ್ಸ್ ದೇಶದ ಗೇ-ಲುಸಾಕನು ಎರಡು ಅಳತೆ ಜಲಜನಕಕ್ಕೆ ಒಂದು ಅಳತೆ ಆಮ್ಲಜನಕವು ಸೇರಿ ನೀರಾಗುವುದೆಂದು ಪ್ರಯೋಗದಿಂದ ತೋರಿಸಿದರೂ ಡಾಲ್ಟನನು ಒಪ್ಪಲಿಲ್ಲ. 1811ರಲ್ಲಿ ಇಟಲಿಯ ಅವೊಗಾಡ್ರೋ ಎಂಬ ಪಂಡಿತನು ಈ ತೊಡಕನ್ನು ಬಿಡಿಸಿದನು. ಆದರೂ ಆ ಮಾತಿಗೆ ಮನ್ನಣೆಯು ಬಂದುದು 1860ರ ಮೇಲೆ. ಅಷ್ಟರಲ್ಲಿ ಇಬ್ಬರೂ ಲೋಕವನ್ನು ಬಿಟ್ಟಿದ್ದರು. ಸ್ವೀಡನ್ ದೇಶದ ಬರ್ಜೀಲಿಯಸನು ಮೂಲವಸ್ತುಗಳಿಗೆ ಅಕ್ಷರಗಳನ್ನು ಸಂಕೇತವಾಗಿ ತಂದಾಗಲೂ ಅವು ಕಲಿಯುವವರನ್ನು ಗಲಿಬಿಲಿಗೊಳಿಸುವುವೆಂದು ಈ ಗುರುವು ಕೊನೆಯವರೆಗೂ ಹಟ ಹಿಡಿದನು. ಇಂದು ನಮ್ಮ ಮಕ್ಕಳು ಬರೆಯುವುದು ಅಕ್ಷರಗಳನ್ನೇ. ಕೈಯಲ್ಲಿ ಹಿಡಿದ ಗುಂಡು ಬುದ್ಧಿಗೆ ಬಹಳ ಸಹಾಯಕವಾದುದು; ಆದರೆ ಅದೇ ಸತ್ಯವೆಂದು ಬಿಗಿಯಾಗಿ ಹಿಡಿದುಕೊಂಡರೆ ಬುದ್ಧಿಗೆ ಸಂಕೋಲೆಯೂ ಆಗಬಲ್ಲುದು. ಈ ಎರಡು ಪಾಠಗಳನ್ನೂ ಆತನ ಜೀವಿತವು ನಮಗೆ ಕಲಿಸುತ್ತದೆ.

ಕೀರ್ತಿಯು ಬಂದ ಮೇಲೂ ಅವನು ಪಾಠ ಹೇಳುವುದನ್ನು ಬಿಡಲಿಲ್ಲ. ಫ್ರಾನ್ಸಿನಿಂದ ಒಬ್ಬ ರಸಾಯನಶಾಸ್ತ್ರಜ್ಞನು ಈ ಮಹಾಪಂಡಿತನನ್ನು ಕಾಣಬೇಕೆಂದು ಬಂದನಂತೆ. ದೊಡ್ಡ ವಿದ್ಯಾಮಂದಿರವನ್ನು ನಿರೀಕ್ಷಿಸಿದ್ದ ಅವನಿಗೆ ಕಂಡುದು ಸಣ್ಣ ಕೊಠಡಿಯಲ್ಲಿ ಒಬ್ಬ ಪುಟ್ಟ ಹುಡುಗನ ಹಲಗೆಯ ಮೇಲೆ ಬಾಗಿ ಲೆಕ್ಕವನ್ನು ತಿದ್ದುತ್ತಿದ್ದ ಮುದುಕನು. ಹುಡುಗನ ಲೆಕ್ಕವು ಸರಿಹೋಗುವ ತನಕ ಅತಿಥಿಯು ಕುಳಿತು ಕಾಯಬೇಕಾಯಿತೆಂದು ಕಥೆಯಿದೆ. 1834ರ ಹೊತ್ತಿಗೆ ಜೌಲ್ ಎಂಬ ಮನೆತನದ ಇಬ್ಬರು ಬಾಲಕರು ಅವನಲ್ಲಿ ಪಾಠಕ್ಕೆ ಬಂದರು. ಅವರಿಗೆ ಅವನು ಬಹುಕಾಲ ಅಂಕಗಣಿತವನ್ನೂ ರೇಖಾಗಣಿತವನ್ನೂ ಹೇಳಿಕೊಟ್ಟು, ಬಳಿಕ ರಸಾಯನಶಾಸ್ತ್ರಕ್ಕೆ ಕೈಹಾಕಿದನು. 1837ರಲ್ಲಿ ಪಾರ್ಶ್ವವಾಯುವು ಬಡಿದುದರಿಂದ ಆ ಪಾಠವು ನಿಂತುಹೋಯಿತು. ಆ ಬಾಲಕರಲ್ಲಿ ಒಬ್ಬನೇ ಮುಂದೆ ಉಷ್ಣಕ್ಕೂ ಕೆಲಸಕ್ಕೂ ಇರುವ ಸಂಬಂಧವನ್ನು ಅಳೆದು ತೋರಿಸಿದ ಜೇಮ್ಸ್ ಪ್ರೆಸ್ಕಾಟ್ ಜೌಲನು.

ರಾಯಲ್ ಸೊಸೈಟಿಯವರು 1822ರಲ್ಲಿ ಅವನನ್ನು ಸದಸ್ಯನನ್ನಾಗಿ ಆರಿಸಿ 1826ರಲ್ಲಿ ಪದಕವನ್ನಿತ್ತರು. ಒಮ್ಮೆ ಅವನಂಥವರಿಗೆ ಬಾಗಿಲು ಮುಚ್ಚಿದ್ದ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು 1832ರಲ್ಲಿ ಗೌರವಪದವಿಯನ್ನು ಕೊಟ್ಟಿತು. ಮರುವರ್ಷ ಸರಕಾರವು ವರ್ಷಕ್ಕೆ 150 ಪೌಂಡುಗಳ ವಿಶ್ರಾಂತಿವೇತನವನ್ನು ಗೊತ್ತುಮಾಡಿ, 1836ರಲ್ಲಿ ಅದನ್ನು 300ಕ್ಕೆ ಏರಿಸಿತು. 1834ರಲ್ಲಿ ದೊರೆಯಾದ ನಾಲ್ಕನೆಯ ವಿಲಿಯಮನ ದರ್ಶನಕ್ಕೆ ಹೋಗಬೇಕಾಗಿ ಬಂದಾಗ ಒಂದು ಪೇಚು ಉಂಟಾಯಿತು. ಆಸ್ಥಾನದ ಉಡುಪಿಗೆ ಖಡ್ಗವು ಸೇರಿದ್ದುದರಿಂದ ಕ್ವೇಕರನಾದವನು ಅದನ್ನು ಧರಿಸಲಾರನು. ಅದರ ಬದಲು ಆಕ್ಸ್‌ಫರ್ಡಿನ ಪದವಿಯ ನಿಲುವಂಗಿಯನ್ನು ತೊಡಿಸಿದರು. ಅದರ ಬಣ್ಣವು ಕಡುಗೆಂಪು. ಸರಳತೆಯನ್ನು ವ್ರತವಾಗಿ ಹಿಡಿದ ಕ್ವೇಕರರಿಗೆ ಸಲ್ಲದ ಬಣ್ಣ. ಆದರೆ ಡಾಲ್ಟನನ ಕಣ್ಣಿಗೆ ಅದು ಮರದ ಎಲೆಯ ಬಣ್ಣದಂತೆ ಕಂಡುದರಿಂದ ಅವನು ಯಾವ ಸಂಕೋಚವೂ ಇಲ್ಲದೆ ಧರಿಸಿ ಹೋದನು.

ಅವನು ವಿವಾಹವಾಗಲಿಲ್ಲ. ಜಾನ್ಸ್ ಎಂಬ ಬೋಧಕರ ಕುಟುಂಬದಲ್ಲಿ ಇಪ್ಪತ್ತೈದಕ್ಕೂ ಮಿಗಿಲಾದ ವರ್ಷಗಳನ್ನು ಮನೆಯವನಂತೆ ಕಳೆದನು. ಗುರುವಾರದ ಮಧ್ಯಾಹ್ನ ಹಸುರು ಬಯಲಿನಲ್ಲಿ ಗುಂಡೆಸೆಯುವ ಆಟವೊಂದೇ ಅವನ ವಿನೋದ. 1844ರ ಜುಲೈ 26ರ ರಾತ್ರಿ ನಡುಗುವ ಕೈಯಿಂದ ಆ ದಿನದ ಹವೆಯನ್ನು ಬರೆದು, ಸ್ವಲ್ಪ ಮಳೆ ಬಿದ್ದುದನ್ನು ಗುರುತಿಸಿ ಮಲಗಿದನು. ಮರುದಿನ ಬೆಳಗ್ಗೆ ಅವನ ಪ್ರಾಣವು ಹೋಯಿತು. 57 ವರ್ಷಗಳ ಆ ದಿನಚರಿಯಲ್ಲಿ ಎರಡು ಲಕ್ಷಕ್ಕೂ ಮಿಗಿಲಾದ ಅಂಶಗಳಿದ್ದುವು. ಪುರಭವನದಲ್ಲಿ ಇರಿಸಿದ ಅವನ ಶವಪೆಟ್ಟಿಗೆಯನ್ನು ಸುಮಾರು 40,000 ಜನರು ಸಾಲಾಗಿ ಬಂದು ನೋಡಿ ಹೋದರು.

ಸತ್ತ ಮೇಲೂ ಅವನು ಒಂದು ಪಾಠವನ್ನು ಉಳಿಸಿದ್ದನು. ತನ್ನ ಕಣ್ಣಿನೊಳಗಿನ ದ್ರವವು ನೀಲಿಯಾಗಿರುವುದರಿಂದಲೇ ಬಣ್ಣಗಳು ತನಗೆ ಬೇರೆಯಾಗಿ ತೋರುತ್ತವೆಂದು ಅವನು ನಂಬಿದ್ದನು. ಮರಣಾನಂತರ ಕಣ್ಣನ್ನು ಕೊಯ್ದು ನೋಡಬೇಕೆಂದು ಅವನು ಕೇಳಿಕೊಂಡಿದ್ದಂತೆ ವೈದ್ಯನು ನೋಡಲು, ದ್ರವವು ತಿಳಿಯಾಗಿತ್ತು, ನಂಬಿಕೆಯು ತಪ್ಪಾಗಿತ್ತು. ಜೋಪಾನವಾಗಿಟ್ಟಿದ್ದ ಆ ಕಣ್ಣಿನ ಚೂರನ್ನು 1995ರಲ್ಲಿ ಪರೀಕ್ಷಿಸಿದ ವಿಜ್ಞಾನಿಗಳು, ಹಸುರನ್ನು ಗ್ರಹಿಸುವ ವರ್ಣದ್ರವ್ಯವು ಅವನಿಗೆ ಹುಟ್ಟಿನಿಂದಲೇ ಇರಲಿಲ್ಲವೆಂದು ಕಂಡರು. ತನ್ನ ಮಾತು ತಪ್ಪೋ ಸರಿಯೋ ಎಂಬುದನ್ನು ತನ್ನ ದೇಹದಲ್ಲಿಯೇ ಪರೀಕ್ಷಿಸಲು ಬಿಟ್ಟುಹೋದವನನ್ನು ಏನೆಂದು ಹೊಗಳೋಣ!

ಮರದ ಗುಂಡುಗಳ ವಂಶವು ಅವನೊಡನೆ ಮುಗಿಯಲಿಲ್ಲ. 1865ರಲ್ಲಿ ಹಾಫ್‌ಮನ್ ಎಂಬ ಜರ್ಮನ್ ಪಂಡಿತನು ಲಂಡನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಉಪನ್ಯಾಸವೊಂದರಲ್ಲಿ ಕ್ರೋಕೇ ಆಟದ ಚೆಂಡುಗಳಿಗೆ ಬಣ್ಣ ಹಚ್ಚಿ, ಸರಳುಗಳಿಂದ ಜೋಡಿಸಿ ಅಣುಗಳನ್ನು ತೋರಿಸಿದನು. ಇಂಗಾಲಕ್ಕೆ ಕಪ್ಪು, ಜಲಜನಕಕ್ಕೆ ಬಿಳುಪು, ಆಮ್ಲಜನಕಕ್ಕೆ ಕೆಂಪು ಎಂಬ ರೂಢಿಯು ಇಂದಿನ ಪೆಟ್ಟಿಗೆಗಳಿಗೆ ಬಂದುದು ಅಲ್ಲಿಂದ. 1874ರಲ್ಲಿ ವಾಂಟ್ ಹಾಫನು ಇಂಗಾಲದ ನಾಲ್ಕು ಕೈಗಳು ನಾಲ್ಕು ಮೂಲೆಗಳುಳ್ಳ ಘನಾಕೃತಿಯ ಮೂಲೆಗಳತ್ತ ಚಾಚಿರುವುವೆಂದು ಹೇಳಿ, ರಟ್ಟಿನ ಮಾದರಿಗಳನ್ನು ಮಾಡಿ ಇತರ ಪಂಡಿತರಿಗೆ ಕಳುಹಿಸಿದನು. ಡಾಲ್ಟನನ ಕೊಠಡಿಯಿದ್ದ ಕಟ್ಟಡವು 1940ರ ಡಿಸೆಂಬರಿನಲ್ಲಿ ಬಾಂಬಿನ ದಾಳಿಗೆ ಸಿಕ್ಕಿ ನಾಶವಾಗಿ, ಅವನ ಕಾಗದಪತ್ರಗಳಲ್ಲಿ ಬಹುಪಾಲು ಬೂದಿಯಾದುವು. ಆದರೂ ಅವನ ಮರದ ಗುಂಡುಗಳಲ್ಲಿ ಕೆಲವು ಇಂಗ್ಲೆಂಡಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿವೆ.

ತಂದೆತಾಯಿಗಳೇ, ಬಣ್ಣದ ಪೆಟ್ಟಿಗೆಯನ್ನು ಕೊಳ್ಳಲು ಅನುಕೂಲವಿಲ್ಲದಿದ್ದರೆ ಚಿಂತೆಯಿಲ್ಲ. ರಾತ್ರಿ ನೆನೆಸಿಟ್ಟ ಕಡಲೆಕಾಳೂ ಪೊರಕೆಯ ಕಡ್ಡಿಯ ತುಂಡುಗಳೂ ಸಾಕು. ಒಂದು ಕಾಳಿಗೆ ನಾಲ್ಕು ಕಡ್ಡಿಗಳನ್ನು ನಾಲ್ಕು ದಿಕ್ಕಿಗೆ ಚುಚ್ಚಿ, ಒಂದೊಂದರ ತುದಿಗೂ ಒಂದೊಂದು ಕಾಳನ್ನು ಸಿಕ್ಕಿಸಿದರೆ ಡಾಲ್ಟನನು ಕೆಸರಿನಿಂದ ಹಿಡಿದ ಆ ಜೌಗುವಾಯುವಿನ ಅಣುವು ನಿಮ್ಮ ಅಡಿಗೆಯ ಮನೆಯಲ್ಲಿಯೇ ಸಿದ್ಧವಾಗುವುದು. ಆಗ ಮಗುವಿಗೆ ಇನ್ನೊಂದು ಮಾತನ್ನೂ ಹೇಳಿರಿ: ಪರಮಾಣುವಿಗೆ ಬಣ್ಣವಿಲ್ಲ, ಕಡ್ಡಿಯೂ ಇಲ್ಲ, ಇದು ತಿಳಿವಿಗೆ ಏರುವ ಮೆಟ್ಟಿಲು, ಮನೆಯಲ್ಲ. ಹೀಗೆ ಕೈಯಿಂದ ಕಲಿತು, ಕಲಿತುದನ್ನು ಮತ್ತೆ ಪರೀಕ್ಷಿಸುವ ಎದೆಗಾರಿಕೆಯುಳ್ಳ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲಿ ಬೆಳೆಯಲಿ. ಹನ್ನೆರಡನೆಯ ವಯಸ್ಸಿನಲ್ಲಿ ಕೊಟ್ಟಿಗೆಯಲ್ಲಿ ಪಾಠ ಹೇಳಲು ನಿಂತ ಆ ಬಡ ಉಪಾಧ್ಯಾಯನಿಗೆ ನಾವು ಸಲ್ಲಿಸಬಹುದಾದ ಗುರುದಕ್ಷಿಣೆಯು ಅದೇ.